ಕ್ಯಾಲ್ಸಿಯಂ ರಿಯಾಕ್ಟರ್ ಹದಕ್ಕೆ ಬರುತ್ತಿಲ್ವಾ? ಗ್ಯಾಸ್ ಮುಟ್ಟುವ ಮುಂಚೆ ಹನಿ ನೋಡಿ

ಕ್ಯಾಲ್ಸಿಯಂ ರಿಯಾಕ್ಟರ್ ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿಗೆ ಕ್ಯಾಲ್ಸಿಯಂ, ಕ್ಷಾರತೆ ಒದಗಿಸುವ ಡಬ್ಬಿ. ಅದನ್ನು ಹೊಸದಾಗಿ ಕೂರಿಸಿದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಡಿಕೆಎಚ್ (ನೀರಿನ ಕ್ಷಾರತೆಯ ಅಳತೆ) ಇಳಿಯಿತಾ, ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಜಾಸ್ತಿ ಮಾಡು. ಏರಿತಾ, ಕಡಿಮೆ ಮಾಡು. ವಾರವಿಡೀ ಗ್ಯಾಸಿನ ತಿರುಪು ತಿರುಗಿಸುತ್ತಲೇ ಇರುತ್ತಾರೆ, ಅತ್ತ ಹವಳದ ತುದಿ ಬೆಳ್ಳಗಾಗುತ್ತಲೇ ಇರುತ್ತದೆ. ಬಹಳ ಸಲ ತಪ್ಪು ಗ್ಯಾಸಿನಲ್ಲಿ ಇರುವುದೇ ಇಲ್ಲ. ರಿಯಾಕ್ಟರಿನಿಂದ ಹೊರಗೆ ಬೀಳುವ ಹನಿ ನಿಧಾನವಾಗಿರುತ್ತದೆ, ಅಷ್ಟೇ.

ಒಳಗೆ ನಡೆಯುವುದು ಇಷ್ಟು. ಡಬ್ಬಿಯ ತುಂಬ ಹವಳದ ಅಸ್ಥಿಯ ಚೂರು, ಅಂದರೆ ಅರಗೊನೈಟ್ ಸುಣ್ಣ. ಅದಕ್ಕೆ ಟ್ಯಾಂಕಿನ ನೀರು, ಜೊತೆಗೆ ಕಾರ್ಬನ್ ಡೈಆಕ್ಸೈಡ್. ಗ್ಯಾಸ್ ಕರಗಿ ನೀರು ಹುಳಿಯಾಗುತ್ತದೆ. ಪಿಎಚ್ 6.5ರಿಂದ 6.8ರ ಹತ್ತಿರ ಬಂದಾಗ ಸುಣ್ಣ ಕರಗಲು ಶುರುವಾಗುತ್ತದೆ. ಕ್ಯಾಲ್ಸಿಯಂ ಮತ್ತು ಕ್ಷಾರತೆ ಎರಡೂ, ಹವಳ ಹೀರಿಕೊಳ್ಳುವ ಲೆಕ್ಕದಲ್ಲೇ, ಒಟ್ಟಿಗೆ ಹೊರಬರುತ್ತವೆ. ಆ ನೀರು ಹನಿಹನಿಯಾಗಿ ಟ್ಯಾಂಕಿನ ಕೆಳಗಿಟ್ಟ ಫಿಲ್ಟರ್ ತೊಟ್ಟಿಗೆ, ಅಂದರೆ ಸಂಪಿಗೆ, ಬೀಳುತ್ತದೆ.

ಇದು ಎಲ್ಲರಿಗೂ ಬೇಕಾದ ಸಾಮಾನಲ್ಲ. 100 ಲೀಟರಿನ ಟ್ಯಾಂಕು, ಒಳಗೆ ನಾಲ್ಕು ಮೆತ್ತನೆ ಹವಳ ಇದ್ದರೆ ನೀರು ಬದಲಿಸಿದರೆ ಸಾಕು. ಸ್ವಲ್ಪ ಗಟ್ಟಿ ಹವಳ ಇದ್ದರೆ ಎರಡು ಬಾಟಲಿಯ ಡೋಸಿಂಗ್ (ಕ್ಯಾಲ್ಸಿಯಂ ಒಂದರಲ್ಲಿ, ಕ್ಷಾರತೆ ಇನ್ನೊಂದರಲ್ಲಿ, ಅಳೆದು ಹಾಕುವುದು) ಸಾಕು. ಟ್ಯಾಂಕ್ ದೊಡ್ಡದಾಗಿ, ಬಾಟಲಿ ತುಂಬಿಸಿ ತುಂಬಿಸಿ ಬೇಜಾರಾದಾಗ ರಿಯಾಕ್ಟರಿನ ಮಾತು.

ಮೊದಲು ಟ್ಯಾಂಕ್ ಸರಿಯಿರಲಿ

ರಿಯಾಕ್ಟರ್ ಇರುವುದು ಇದ್ದದ್ದನ್ನು ಕಾಯ್ದುಕೊಳ್ಳಲಿಕ್ಕೆ, ಬಿದ್ದುಹೋದದ್ದನ್ನು ಎತ್ತಲಿಕ್ಕಲ್ಲ. ಡಿಕೆಎಚ್ 6ಕ್ಕೆ ಇಳಿದಿದೆ ಅಂತ ರಿಯಾಕ್ಟರನ್ನು ಜೋರು ಮಾಡಬೇಡಿ. ಬೇಕಿಂಗ್ ಸೋಡಾ ಅಥವಾ ಅಂಗಡಿಯ ಬಫರ್ (ಕ್ಷಾರತೆ ಏರಿಸುವ ಪುಡಿ) ಹಾಕಿ, ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರದ ಹಾಗೆ ನಿಧಾನವಾಗಿ ಮೇಲೆ ತನ್ನಿ. ಆಮೇಲೆ ರಿಯಾಕ್ಟರಿಗೆ ಕೆಲಸ ಒಪ್ಪಿಸಿ.

ಟೆಸ್ಟ್ ಮಾಡುವಾಗ ಲವಣಾಂಶದಿಂದಲೇ ಶುರು ಮಾಡಿ. 35 ಪಿಪಿಟಿ, ಅಂದರೆ ಸಾಂದ್ರತೆ ಸುಮಾರು 1.026, ಇಲ್ಲದಿದ್ದರೆ ಉಳಿದ ಯಾವ ಅಂಕಿಗೂ ಅರ್ಥವಿಲ್ಲ. ಆಮೇಲೆ ಡಿಕೆಎಚ್ 8ರ ಆಸುಪಾಸು, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1250ರಿಂದ 1350. ಮೆಗ್ನೀಸಿಯಂ ತುಂಬಾ ಕಡಿಮೆ ಇದ್ದರೆ ನೀವು ಕೊಟ್ಟ ಸುಣ್ಣ ಹವಳಕ್ಕೆ ಹೋಗುವ ಬದಲು ಪಂಪು, ಹೀಟರಿನ ಮೇಲೆ ಕೂತು ಗಟ್ಟಿಯಾಗುತ್ತದೆ. ಬರೀ ಅರಗೊನೈಟ್ ಹಾಕಿದ ರಿಯಾಕ್ಟರ್ ಮೆಗ್ನೀಸಿಯಂ ಕೊಡುವುದು ತೀರಾ ಕಡಿಮೆ. ಅದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ನಮ್ಮ ಕಡೆಯ ನೀರಿನ ವಿಚಾರವೂ ಒಂದಿದೆ. ಮೈಸೂರಿನಲ್ಲಿ ನಲ್ಲಿಗೆ ಬರುವುದು ಕಾವೇರಿ, ಕಬಿನಿ ನೀರು. ಆದರೆ ಬಹಳ ಮನೆಗಳಲ್ಲಿ ಮೇಲಿನ ಟ್ಯಾಂಕಿಗೆ ಬೋರಿನ ನೀರೂ ಸೇರುತ್ತದೆ. ಮಂಡ್ಯ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಬಿಸಿನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಆರ್‌ಒ ಪೊರೆ ಹಳೆಯದಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಏರಿದ್ದರೆ, ಆವಿಯಾದ ನೀರಿಗೆ ಬದಲಾಗಿ ದಿನಾ ಹಾಕುವ ನೀರಿನ ಜೊತೆಗೆ ಒಂದಿಷ್ಟು ಕ್ಷಾರತೆಯೂ ಸೇರುತ್ತಿರುತ್ತದೆ. ರಿಯಾಕ್ಟರ್ ಒಂದೇ ಸಮ ಇದ್ದರೂ ಡಿಕೆಎಚ್ ಮೇಲೇರುತ್ತದೆ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಫಿಲ್ಟರಿನ ನೀರು ಇದಕ್ಕೆ ಸಾಲದು; ಅದರಲ್ಲಿ ರುಚಿಗೆ ಅಂತ ಖನಿಜ ಮತ್ತೆ ಸೇರಿಸಿರುತ್ತಾರೆ.

ಟ್ಯಾಂಕ್ ದಿನಕ್ಕೆ ಎಷ್ಟು ತಿನ್ನುತ್ತದೆ?

ಈ ಅಂಕಿ ಗೊತ್ತಿಲ್ಲದೆ ತಿರುಪು ತಿರುಗಿಸುವುದು ಸುಮ್ನೆ ಜೂಜು. ರಿಯಾಕ್ಟರ್ ಪೂರ್ತಿ ನಿಲ್ಲಿಸಿ. ಬೆಳಿಗ್ಗೆ ಒಂದು ಹೊತ್ತಿಗೆ ಡಿಕೆಎಚ್ ನೋಡಿ. ಎರಡು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ಕಿಟ್‌ನಲ್ಲಿ ಮತ್ತೆ ನೋಡಿ. ಹೊತ್ತು ಬದಲಾಗಬಾರದು, ಯಾಕೆಂದರೆ ದೀಪ ಉರಿಯುವಾಗ ಹವಳ ಜಾಸ್ತಿ ತಿನ್ನುತ್ತದೆ, ರಾತ್ರಿ ಕಡಿಮೆ. ಮಧ್ಯೆ 7ಕ್ಕಿಂತ ಕೆಳಗೆ ಹೋಗುವ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಉದಾಹರಣೆಗೆ 8.9 ಇದ್ದದ್ದು ಎರಡು ದಿನಕ್ಕೆ 7.1 ಆಯಿತು ಅನ್ನಿ. ದಿನಕ್ಕೆ 0.9. ನಿಮ್ಮ ಟ್ಯಾಂಕು, ಸಂಪು ಸೇರಿ, ಕಲ್ಲಿನ ಜಾಗ ಕಳೆದು ನಿಜವಾದ ನೀರು 400 ಲೀಟರ್. 400 ಗುಣಿಸು 0.9 ಅಂದರೆ 360. ಇದು ದಿನದ ಬೇಡಿಕೆ.

ಈಗ ರಿಯಾಕ್ಟರಿನಿಂದ ಬರುವ ನೀರು 26 ಡಿಕೆಎಚ್ ಇರಲಿ ಅಂತ ಗುರಿ ಇಟ್ಟುಕೊಳ್ಳಿ. ಟ್ಯಾಂಕಿನ ನೀರು ಮೊದಲೇ 8 ಇದೆ. ಹಾಗಾಗಿ ಒಂದು ಲೀಟರಿಗೆ ಸಿಗುವ ಲಾಭ 18 ಮಾತ್ರ. 360 ಭಾಗಿಸು 18, ದಿನಕ್ಕೆ 20 ಲೀಟರ್. ನಿಮಿಷಕ್ಕೆ ಸುಮಾರು 14 ಮಿಲಿ. ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಮುಂದೆ ಪ್ರತಿ ಸಲ ಡಿಕೆಎಚ್ ನೋಡಿದಾಗಲೂ ಅಲ್ಲೇ ಬರೆಯಿರಿ. ಮೊಬೈಲಿನಲ್ಲಿ ಬರೆದದ್ದು ಯಾರೂ ಮತ್ತೆ ತೆಗೆದು ನೋಡುವುದಿಲ್ಲ.

ಹನಿ ಹೊಂದಿಸುವುದು

ಹನಿ ಎಣಿಸಬೇಡಿ, ಅಳೆಯಿರಿ. ಟ್ಯೂಬಿನ ತುದಿ ದಪ್ಪ ಇದ್ದರೆ ಹನಿ ದೊಡ್ಡದು, ಸಣ್ಣ ಇದ್ದರೆ ಚಿಕ್ಕದು. ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಅಥವಾ 20 ಮಿಲಿಯ ಸಿರಿಂಜು ಸಾಕು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಹಿಡಿಯಿರಿ. 14 ಮಿಲಿ ಬರಬೇಕಾದ ಕಡೆ 9 ಬಂದರೆ ನಿಮ್ಮ ತೊಂದರೆ ಅಲ್ಲೇ ಇದೆ.

ಹರಿವು ಹೊಂದಿಸಲು ಎರಡು ದಾರಿ. ಒಂದು, ಸಣ್ಣ ಪಂಪಿನಿಂದ ನೀರು ತಳ್ಳಿ, ಹೊರಗಿನ ಟ್ಯೂಬಿಗೆ ನಲ್ಲಿ ಹಾಕಿ ಬಿಗಿ ಮಾಡುವುದು. ಅಗ್ಗ, ಆದರೆ ದಿನದಿನಕ್ಕೆ ಕಟ್ಟಿಕೊಳ್ಳುತ್ತದೆ. ಆ ನಲ್ಲಿಯ ಇಕ್ಕಟ್ಟಿನಲ್ಲೇ ಸುಣ್ಣ ಕೂರುತ್ತದೆ. ಕಬ್ಬಿಗೆ ಡ್ರಿಪ್ ಹಾಕಿದ ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡಸು ನೀರಿಗೆ ಡ್ರಿಪ್ಪಿನ ತೂತು ಕಟ್ಟಿಕೊಳ್ಳುವುದೂ ಇದೇ ಸುಣ್ಣದಿಂದ. ಎರಡನೆಯದು ಪೆರಿಸ್ಟಾಲ್ಟಿಕ್ ಪಂಪ್. ಟ್ಯೂಬನ್ನು ಹಿಂಡುತ್ತಾ ಲೆಕ್ಕದಷ್ಟೇ ನೀರು ಎಳೆಯುತ್ತದೆ. ನನ್ನ ಪ್ರಕಾರ ರಿಯಾಕ್ಟರಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಇದು. ಪಿಎಚ್ ಕಂಟ್ರೋಲರ್ (ಪಿಎಚ್ ನೋಡಿ ಗ್ಯಾಸನ್ನು ತಾನೇ ಕಟ್ ಮಾಡುವ ಸಾಧನ) ಆಮೇಲೆ ತಗೊಂಡರೂ ಆದೀತು. ಒಂದು ಎಚ್ಚರ: 24 ಗಂಟೆ ಓಡಲು ಮಾಡಿದ್ದೇ ಬೇಕು. ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಓಡುವ ಅಗ್ಗದ ಡೋಸಿಂಗ್ ಪಂಪ್ ಇಲ್ಲಿ ಬಹಳ ದಿನ ಬಾಳುವುದಿಲ್ಲ.

ಹೊರಗಿನ ಟ್ಯೂಬಿನ ತುದಿ ನೀರಿನೊಳಗೆ ಮುಳುಗದ ಹಾಗೆ, ಸಂಪಿನ ನೀರಿಗಿಂತ ಎರಡು ಬೆರಳು ಮೇಲೆ ಕಟ್ಟಿ. ಹನಿ ಕಣ್ಣಿಗೆ ಕಾಣಬೇಕು. ಆ ತುದಿಯಲ್ಲಿ ಬಿಳಿ ಪೊರೆ ಕಟ್ಟುತ್ತಾ ಬರುತ್ತದೆ. ಮೊದಲು ಉಂಗುರದ ಹಾಗೆ, ಆಮೇಲೆ ಒಳಕ್ಕೆ. ಉಗುರಿನಿಂದ ಕೆರೆದರೆ ಮರಳಿನಂತೆ ಪುಡಿಯಾಗಿ ಉದುರುತ್ತದೆ. ಅದು ಕಂಡ ದಿನ ಟ್ಯೂಬನ್ನೂ ನಲ್ಲಿಯನ್ನೂ ಬಿಚ್ಚಿ ವಿನೆಗರಿನಲ್ಲಿ ಅಥವಾ ನೀರಿಗೆ ನಿಂಬೆಉಪ್ಪು ಕರಗಿಸಿ ಅದರಲ್ಲಿ ನೆನೆಹಾಕಿ. ಗುಳ್ಳೆ ಬರುವುದು ನಿಂತ ಮೇಲೆ ಚೆನ್ನಾಗಿ ತೊಳೆದು ಕೂರಿಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡ.

ಆಮೇಲೆ ಗ್ಯಾಸ್

ಹನಿ ಸ್ಥಿರವಾದ ಮೇಲಷ್ಟೇ ಈ ಕಡೆ ಬನ್ನಿ. ರೆಗ್ಯುಲೇಟರಿನ ಹೊರಗಿನ ಒತ್ತಡ 1 ಬಾರ್ ಹತ್ತಿರ ಇರಲಿ. ನೀಡಲ್ ವಾಲ್ವ್ (ಗ್ಯಾಸನ್ನು ಸಣ್ಣಗೆ ಹೊಂದಿಸುವ ತಿರುಪು) ಪೂರ್ತಿ ಮುಚ್ಚಿ, ಆಮೇಲೆ ಕೂದಲೆಳೆಯಷ್ಟು ತೆರೆಯುತ್ತಾ ಬನ್ನಿ. ನಿಮಿಷಕ್ಕೆ 15ರಿಂದ 20 ಗುಳ್ಳೆ ಶುರುವಿಗೆ ಸಾಕು. ಗೆಳೆಯನ ಟ್ಯಾಂಕಿನಲ್ಲಿ 40 ಇದೆ ಅಂತ ನಿಮ್ಮದನ್ನೂ 40 ಮಾಡಬೇಡಿ. ಬಬಲ್ ಕೌಂಟರ್ ಬೇರೆಯಾದರೆ ಗುಳ್ಳೆಯ ಗಾತ್ರವೂ ಬೇರೆ.

ಒಂದು ದಿನ ಬಿಡಿ. ಆಮೇಲೆ ಹೊರಬರುವ ನೀರಿನ ಡಿಕೆಎಚ್ ನೋಡಿ. ಡಿಜಿಟಲ್ ಚೆಕರ್ ಇರುವವರು ಗಮನಿಸಿ, ಬಹಳಷ್ಟು ಚೆಕರ್‌ಗಳು 20ರ ಮೇಲೆ ಓದುವುದಿಲ್ಲ. 5 ಮಿಲಿ ರಿಯಾಕ್ಟರ್ ನೀರಿಗೆ 5 ಮಿಲಿ ಆರ್‌ಒ ನೀರು ಬೆರೆಸಿ, ಬಂದ ಅಂಕಿಯನ್ನು ದುಪ್ಪಟ್ಟು ಮಾಡಿ. 13 ಬಂದರೆ 26 ಅಂತ.

ಗುರಿಗಿಂತ ಕಡಿಮೆ ಇದ್ದರೆ ನಾಲ್ಕೈದು ಗುಳ್ಳೆ ಜಾಸ್ತಿ ಮಾಡಿ, ಮತ್ತೆ ಒಂದು ದಿನ ಬಿಡಿ. ಅವಸರ ಬೇಡ. ಡಬ್ಬಿಯೊಳಗಿನ ನೀರು ಪೂರ್ತಿ ಬದಲಾಗಿ ಹೊಸ ಹದಕ್ಕೆ ಬರಲು ಅಷ್ಟು ಹೊತ್ತು ಬೇಕೇ ಬೇಕು. ಬೆಳಿಗ್ಗೆ ತಿರುಗಿಸಿ ಸಂಜೆ ಮತ್ತೆ ತಿರುಗಿಸಿದರೆ ನೀವು ನೋಡುತ್ತಿರುವುದು ಯಾವುದರ ಫಲ ಅಂತ ನಿಮಗೇ ಗೊತ್ತಾಗುವುದಿಲ್ಲ.

ಪಿಎಚ್ ಕಂಟ್ರೋಲರ್ ಇದ್ದರೆ 6.6ರ ಹತ್ತಿರ ಇಡಿ. ಆದರೆ ಕಂಟ್ರೋಲರ್ ಇದೆ ಅಂತ ಗ್ಯಾಸನ್ನು ಜೋರಾಗಿ ಬಿಟ್ಟು, ಅದು ಕಟ್ ಮಾಡಲಿ ಅಂತ ಕೂರಬೇಡಿ. ಆಗ ಸೋಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ಬಿಟ್ಟು ನಿಲ್ಲಿಸುವ ವಾಲ್ವ್) ಟಕ್ ಟಕ್ ಅಂತ ದಿನವಿಡೀ ತೆರೆದು ಮುಚ್ಚುತ್ತದೆ, ಪಿಎಚ್ ಮೇಲೆ ಕೆಳಗೆ ಕುಣಿಯುತ್ತದೆ. ಗುಳ್ಳೆಯನ್ನು ಕೈಯಲ್ಲೇ ಸರಿಯಾಗಿ ಹೊಂದಿಸಿ. ಕಂಟ್ರೋಲರ್ ಕಾವಲಿಗೆ ಮಾತ್ರ ಇರಲಿ.

ಎಲ್ಲ ಕೂತ ಮೇಲೂ ಹವಳ ಬೆಳೆಯುತ್ತಾ ಬೇಡಿಕೆ ಏರುತ್ತದೆ. ಟ್ಯಾಂಕಿನ ಡಿಕೆಎಚ್ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ಹರಿವು, ಗ್ಯಾಸ್ ಎರಡನ್ನೂ ಹತ್ತನೇ ಒಂದು ಭಾಗ ಏರಿಸಿ, ಎರಡು ಮೂರು ದಿನ ನೋಡಿ.

ಕೈಕೊಟ್ಟಾಗ

ಟ್ಯಾಂಕಿನ ಡಿಕೆಎಚ್ ಇದ್ದಕ್ಕಿದ್ದಂತೆ ಇಳಿಯಿತು ಅಂದರೆ ಮೊದಲು ಹರಿವು ಅಳೆಯಿರಿ. ಅದು ಸರಿಯಿದ್ದರೆ ಹೊರಬರುವ ನೀರಿನ ಡಿಕೆಎಚ್ ನೋಡಿ. ಎರಡೂ ಸರಿಯಿದ್ದರೆ ತಪ್ಪು ರಿಯಾಕ್ಟರಿನದ್ದಲ್ಲ. ಟೆಸ್ಟ್ ಕಿಟ್‌ನ ಅವಧಿ ಮುಗಿದಿದೆಯಾ, ಲವಣಾಂಶ ಇಳಿದಿದೆಯಾ ನೋಡಿ. ಈ ಅನುಕ್ರಮ ತಪ್ಪಿಸಬೇಡಿ, ಅರ್ಧ ದಿನ ಉಳಿಯುತ್ತದೆ.

ಹರಿವು ಸರಿಯಿದ್ದು ಹೊರಬರುವ ನೀರು ಮಾತ್ರ ಸಪ್ಪೆ, 12ಕ್ಕೋ 14ಕ್ಕೋ ಇಳಿದಿದೆ ಅನ್ನಿ. ಆಗ ಗ್ಯಾಸಿನ ಕಡೆ ಹೋಗಿ. ಗುಳ್ಳೆ ಬೀಳುತ್ತಿದೆಯಾ? ಬೀಳದಿದ್ದರೆ ಸಿಲಿಂಡರ್ ಖಾಲಿ ಅಥವಾ ಸೋಲೆನಾಯ್ಡ್ ಸುಟ್ಟಿದೆ. ಕೌಂಟರಿನಲ್ಲಿ ಗುಳ್ಳೆ ಬೀಳುತ್ತಿದ್ದರೂ ಪಿಎಚ್ ಇಳಿಯದಿದ್ದರೆ ಮುಂದಿನ ಟ್ಯೂಬಿನಲ್ಲಿ ಸೋರಿಕೆ ಇರಬಹುದು. ಮೀನಿನ ಟ್ಯಾಂಕಿನ ಏರ್ ಪಂಪಿಗೆ ಹಾಕುವ ಮೆತ್ತನೆ ಸಿಲಿಕೋನ್ ಟ್ಯೂಬ್ ಈ ಗ್ಯಾಸಿಗೆ ಆಗುವುದಿಲ್ಲ, ಗೋಡೆಯ ಮೂಲಕವೇ ಹೊರಗೆ ಹೋಗುತ್ತದೆ. ಗಟ್ಟಿಯಾದ ಪಾಲಿಯುರೆಥೇನ್ ಟ್ಯೂಬ್ ಹಾಕಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ.

ಪಿಎಚ್ ಮೀಟರ್ 6.6 ತೋರಿಸುತ್ತಿದೆ, ಆದರೂ ನೀರು ಸಪ್ಪೆ. ಆಗ ಮೀಟರನ್ನು ನಂಬಬೇಡಿ, ಡಿಕೆಎಚ್ ನಂಬಿ. ಮೀಟರಿನ ಪ್ರೋಬ್ (ನೀರಿಗೆ ಇಳಿಬಿಡುವ ಕಡ್ಡಿ) ಹಳೆಯದಾದಂತೆ ಸುಳ್ಳು ಹೇಳಲು ಶುರು ಮಾಡುತ್ತದೆ. ಪಿಎಚ್ 7 ಮತ್ತು 4ರ ದ್ರಾವಣದಲ್ಲಿ ಮತ್ತೆ ಹೊಂದಿಸಿ. ಆಗಲೂ ಅಂಕಿ ನಿಲ್ಲದೆ ಓಡಾಡುತ್ತಿದ್ದರೆ ಎಲ್ಲ ಪಂಪುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಯಾವುದೋ ಒಂದು ಪಂಪಿನಿಂದ ನೀರಿಗೆ ಕರೆಂಟ್ ಸೋರುತ್ತಿದ್ದರೆ ಪ್ರೋಬ್ ಕುಣಿಯುತ್ತದೆ. ಮನೆಯ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಯಾರೂ ನೀರು ಹಾಕಿರುವುದಿಲ್ಲ, ಅದನ್ನೂ ನೋಡಿ. ಇದು ಹವಳದ ಮಾತಲ್ಲ, ಉಪ್ಪುನೀರಿಗೆ ಕೈ ಹಾಕುವ ನಿಮ್ಮ ಪ್ರಾಣದ ಮಾತು.

ರಿಯಾಕ್ಟರಿನ ಪಂಪ್ ಗರಗರ ಅನ್ನುತ್ತಿದೆಯಾ? ಮೇಲೆ ಗ್ಯಾಸ್ ತುಂಬಿಕೊಂಡಿದೆ. ಪಂಪಿಗೆ ನೀರಿನ ಬದಲು ಗಾಳಿ ಸಿಗುತ್ತಿದೆ. ಮೇಲಿನ ಮುಚ್ಚಳದ ತಿರುಪು ಸಡಿಲಿಸಿ ಗ್ಯಾಸ್ ಹೊರಬಿಡಿ. ದಿನಾ ಹೀಗಾದರೆ ಹರಿವಿಗೆ ತಕ್ಕದ್ದಕ್ಕಿಂತ ಗ್ಯಾಸ್ ಜಾಸ್ತಿ ಇದೆ ಅಂತ ಅರ್ಥ. ಏಪ್ರಿಲ್, ಮೇನಲ್ಲಿ ಇದು ಹೆಚ್ಚು, ಯಾಕೆಂದರೆ ನೀರು ಬಿಸಿಯಾದಷ್ಟೂ ಗ್ಯಾಸ್ ಕರಗುವುದು ಕಡಿಮೆ.

ಒಳಗಿನ ಚೂರುಗಳು ಕರಗಿ ಕೆಸರಾಗಿವೆ, ಹೊರಗೆ ಬರುವ ನೀರು ಮಬ್ಬಾಗಿದೆ ಅಂದರೆ ಪಿಎಚ್ ತೀರಾ ಕೆಳಗೆ, 6.3ಕ್ಕೋ ಅದಕ್ಕಿಂತ ಕೆಳಗೋ ಹೋಗಿತ್ತು. ಇದಕ್ಕೆ ಸುಲಭದ ದಾರಿ ಇಲ್ಲ. ಎಲ್ಲ ಹೊರಗೆ ತೆಗೆದು, ಗಟ್ಟಿ ಚೂರು ಮಾತ್ರ ಆರ್‌ಒ ನೀರಿನಲ್ಲಿ ತೊಳೆದು ಮತ್ತೆ ತುಂಬಿ. ಕೆಸರನ್ನು ಸಂಪಿಗೆ ಬಿಡಬೇಡಿ.

ಮಾಮೂಲಿಯಾಗಿಯೂ ಚೂರುಗಳು ಮೂರನೇ ಒಂದು ಭಾಗ ಕರಗಿದಾಗ ಹೊಸದು ಸೇರಿಸಬೇಕು. ತೊಳೆದು ಹಾಕಿ, ಮೊದಲ ಕೆಲವು ಗಂಟೆಯ ನೀರನ್ನು ಬಕೆಟ್ಟಿಗೆ ಬಿಡಿ. ಕೆಲವು ಚೂರುಗಳಿಂದ ಫಾಸ್ಫೇಟ್ ಬಿಡುತ್ತದೆ, ಆಮೇಲೆ ಗಾಜಿಗೆಲ್ಲ ಪಾಚಿ. ರಾಮೇಶ್ವರಕ್ಕೆ ಹೋದಾಗ ದಡದಲ್ಲಿ ಬಿದ್ದ ಒಣ ಹವಳ ಆರಿಸಿಕೊಂಡು ಬಂದು ರಿಯಾಕ್ಟರಿಗೆ ತುಂಬುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ನಮ್ಮ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಜೊತೆ. ಟ್ಯಾಂಕಿಗೆ ಹವಳ ತರುವಾಗಲೂ ಅದರ ಮೂಲ, ಕಾಗದಪತ್ರ ಕೇಳಿಯೇ ತನ್ನಿ.

ಕ್ಯಾಲ್ಸಿಯಂ ಒಂದು ಕಡೆ, ಡಿಕೆಎಚ್ ಒಂದು ಕಡೆ ಹೋಗುತ್ತಿದ್ದರೆ ರಿಯಾಕ್ಟರಿನಿಂದ ಸರಿಮಾಡಲು ಹೋಗಬೇಡಿ. ಅದು ಪ್ರತಿ 2.8 ಡಿಕೆಎಚ್‌ಗೆ 20 ಪಿಪಿಎಂ ಕ್ಯಾಲ್ಸಿಯಂ ಲೆಕ್ಕದಲ್ಲೇ ಕೊಡುತ್ತದೆ, ಬೇರೆ ಲೆಕ್ಕ ಅದಕ್ಕೆ ಬರುವುದಿಲ್ಲ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಕೈಯಲ್ಲೇ ಹಾಕಿ ಸರಿಮಾಡಿ.

ಬೆಳಿಗ್ಗೆ ಪಿಎಚ್ 7.7 ತೋರಿಸಿದರೆ

ರಿಯಾಕ್ಟರ್ ಇರುವ ಟ್ಯಾಂಕಿನಲ್ಲಿ ಪಿಎಚ್ ಸ್ವಲ್ಪ ಕೆಳಗೇ ಇರುತ್ತದೆ. ಸುಣ್ಣ ಕರಗಿಸಿ ಮಿಕ್ಕ ಗ್ಯಾಸ್ ಹೊರಬರುವ ನೀರಿನಲ್ಲೇ ಇರುತ್ತದೆ, ಅಲ್ವಾ. ಆ ನೀರನ್ನು ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಯಂತ್ರ) ಎಳೆದುಕೊಳ್ಳುವ ಜಾಗದಲ್ಲೇ ಬೀಳಿಸಿ, ಒಂದಿಷ್ಟು ಗ್ಯಾಸ್ ಅಲ್ಲೇ ಹಾರಿಹೋಗುತ್ತದೆ. ಎರಡನೇ ಡಬ್ಬಿ ಇಟ್ಟು ಅದರಲ್ಲೂ ಚೂರು ತುಂಬಿ, ನೀರು ಅದನ್ನು ದಾಟಿ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಎಷ್ಟೋ ಸಲ ತಪ್ಪು ಮನೆಯ ಗಾಳಿಯದ್ದೇ ಆಗಿರುತ್ತದೆ. ಆಷಾಢದ ಮಳೆಗೆ ಕಿಟಕಿ ಬಾಗಿಲು ಮುಚ್ಚಿ, ಹಾಲ್‌ನಲ್ಲಿ ಹತ್ತು ಜನ ಕೂತು ಉಸಿರಿನಲ್ಲಿ ಇದೇ ಗ್ಯಾಸ್ ಬಿಡುತ್ತಿದ್ದರೆ ಪಿಎಚ್ ಇಳಿಯದೆ ಏನಾಗುತ್ತದೆ? ಒಂದು ರಾತ್ರಿ ಕಿಟಕಿ ತೆರೆದಿಟ್ಟು ನೋಡಿ. ಏರಿದರೆ ಸ್ಕಿಮ್ಮರಿನ ಗಾಳಿ ಟ್ಯೂಬನ್ನು ಕಿಟಕಿಯಾಚೆ ಬಿಡಿ.

ಇನ್ನೂ ಸಾಲದಿದ್ದರೆ ಸುಣ್ಣದ ತಿಳಿನೀರು. ಆವಿಯಾದ ನೀರಿನ ಬದಲಿಗೆ, ರಾತ್ರಿ ಹೊತ್ತು, ನಿಧಾನವಾಗಿ ಹನಿಸುವುದು. ಒಂದು ಲೀಟರ್ ಆರ್‌ಒ ನೀರಿಗೆ 1 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದ ಶುರು ಮಾಡಿ. ಆಹಾರ ದರ್ಜೆಯದ್ದೇ ಇರಲಿ, ಎಲೆಅಡಿಕೆಯ ಸುಣ್ಣ ಬೇಡ. ಅದರಲ್ಲಿ ಏನೇನು ಬೆರೆಸಿದ್ದಾರೋ. ಇದೂ ಡಿಕೆಎಚ್ ಕೊಡುತ್ತದೆ, ಹಾಗಾಗಿ ರಿಯಾಕ್ಟರನ್ನು ಅಷ್ಟು ಇಳಿಸಬೇಕು.

ಸಿಲಿಂಡರು, ಕರೆಂಟು, ಊರಿಗೆ ಹೋಗುವುದು

ಸಿಲಿಂಡರಿನ ಮೇಲಿನ ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳಲಾಗುವುದಿಲ್ಲ. ಒಳಗೆ ದ್ರವ ಇರುವವರೆಗೂ ಒತ್ತಡ ತಾಪಮಾನಕ್ಕೆ ತಕ್ಕಂತೆ ಮಾತ್ರ ಬದಲಾಗುತ್ತದೆ. ಜನವರಿಯ ಬೆಳಿಗ್ಗೆ 52 ಬಾರ್ ತೋರಿಸಿದ್ದು ಏಪ್ರಿಲ್ ಮಧ್ಯಾಹ್ನ 70 ದಾಟುತ್ತದೆ, ಗ್ಯಾಸ್ ಮಾತ್ರ ಅಷ್ಟೇ. ದ್ರವ ಮುಗಿದ ಮೇಲೆ ಮುಳ್ಳು ಸರಸರ ಇಳಿಯುತ್ತದೆ. ಅಗ್ಗದ ರೆಗ್ಯುಲೇಟರ್‌ಗಳಲ್ಲಿ ಆ ಹೊತ್ತಿಗೆ ಹೊರಗಿನ ಒತ್ತಡ ಏರಿ ಉಳಿದ ಗ್ಯಾಸೆಲ್ಲ ಒಮ್ಮೆಲೇ ರಿಯಾಕ್ಟರಿಗೆ ನುಗ್ಗಬಹುದು. ಹಾಗಾಗಿ ತೂಕ ನೋಡಿ. ಖಾಲಿ ಸಿಲಿಂಡರಿನ ತೂಕ ಕತ್ತಿನ ಹತ್ತಿರ ಕೆತ್ತಿರುತ್ತಾರೆ. ತಿಂಗಳಿಗೊಮ್ಮೆ ಮನೆಯ ತೂಕದ ಯಂತ್ರದ ಮೇಲೆ ಇಟ್ಟರೆ ಸಾಕು.

ಬೆಂಕಿ ಆರಿಸುವ ಸಿಲಿಂಡರ್ ತುಂಬಿಸುವವರ ಹತ್ತಿರ, ವೆಲ್ಡಿಂಗ್ ಗ್ಯಾಸ್ ಮಾರುವವರ ಹತ್ತಿರ ಇದನ್ನು ತುಂಬಿಸಬಹುದು. ಪರೀಕ್ಷೆಯ ಅವಧಿ ಮುಗಿದಿಲ್ಲ ಅಂತ ಮುದ್ರೆ ನೋಡಿ ತನ್ನಿ. ಸ್ಕೂಟರಿನಲ್ಲಿ ಮಲಗಿಸಿಕೊಂಡು ತಂದಿದ್ದರೆ ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ರೆಗ್ಯುಲೇಟರ್ ಹಾಕಿ. ಮಲಗಿಸಿದ ಸಿಲಿಂಡರ್ ತೆರೆದರೆ ದ್ರವವೇ ರೆಗ್ಯುಲೇಟರಿಗೆ ಬರುತ್ತದೆ. ಬೀಳದ ಹಾಗೆ ಗೋಡೆಗೆ ಸರಪಳಿ ಹಾಕಿ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಇಡಬೇಡಿ, ಸೋರಿದರೆ ಈ ಗ್ಯಾಸ್ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ.

ಕರೆಂಟ್ ಹೋದಾಗ ಸೋಲೆನಾಯ್ಡ್ ತಾನೇ ಮುಚ್ಚಿಕೊಳ್ಳುತ್ತದೆ. ಅಪಾಯ ಇರುವುದು ಅರ್ಧಂಬರ್ಧ ಕರೆಂಟಿನಲ್ಲಿ. ಸೋಲೆನಾಯ್ಡ್ ಇನ್ವರ್ಟರ್ ಸಾಲಿನಲ್ಲಿದ್ದು, ರಿಯಾಕ್ಟರಿನ ಪಂಪ್ ಮಾಮೂಲಿ ಸಾಲಿನಲ್ಲಿದ್ದರೆ ನಿಂತ ನೀರಿಗೆ ಗ್ಯಾಸ್ ಹೋಗುತ್ತಲೇ ಇರುತ್ತದೆ. ಎರಡನ್ನೂ, ಹನಿ ಪಂಪಿನ ಸಮೇತ, ಒಂದೇ ಸ್ಪೈಕ್ ಬೋರ್ಡಿಗೆ ಚುಚ್ಚಿ. ರಿಯಾಕ್ಟರ್ ಒಂದು ದಿನ ನಿಂತರೆ ಹವಳಕ್ಕೆ ಏನೂ ಆಗುವುದಿಲ್ಲ. ಇನ್ವರ್ಟರ್ ಬೇಕಿರುವುದು ಟ್ಯಾಂಕಿನ ನೀರು ಓಡಿಸುವ ಪಂಪಿಗೆ. ಗ್ಯಾಸ್ ಟ್ಯೂಬಿಗೆ ಚೆಕ್ ವಾಲ್ವ್ ಇರಲೇಬೇಕು, ಇಲ್ಲದಿದ್ದರೆ ಉಪ್ಪುನೀರು ಹಿಂದಕ್ಕೆ ಹೋಗಿ ರೆಗ್ಯುಲೇಟರನ್ನೇ ಹಾಳು ಮಾಡುತ್ತದೆ.

ಹಬ್ಬಕ್ಕೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗುವಾಗ ಹೊರಡುವ ಹಿಂದಿನ ದಿನ ಏನನ್ನೂ ಹೊಸದಾಗಿ ಹೊಂದಿಸಬೇಡಿ. ಒಂದು ವಾರ ಮೊದಲೇ ಟ್ಯೂಬ್ ತೊಳೆದು, ಸಿಲಿಂಡರ್ ತೂಕ ನೋಡಿ ಮುಗಿಸಿ. ಪಕ್ಕದ ಮನೆಯ ಆಂಟಿಗೆ ಕೀ ಕೊಟ್ಟು ಹೋಗುವುದಾದರೆ ಪಿಎಚ್, ಡಿಕೆಎಚ್ ಅಂತ ಪಾಠ ಮಾಡಬೇಡಿ. “ಆಂಟಿ, ಈ ಹನಿ ಬೀಳ್ತಿದ್ಯಾ ನೋಡಿ. ಬೀಳ್ತಿಲ್ಲ ಅಂದ್ರೆ ಈ ಕೆಂಪು ಸ್ವಿಚ್ ಆಫ್ ಮಾಡಿ, ನನಗೆ ಒಂದು ಫೋನ್ ಮಾಡಿ” ಅಂದರೆ ಸಾಕು. ಆ ಕೆಂಪು ಸ್ವಿಚ್ ಸ್ಪೈಕ್ ಬೋರ್ಡಿನದ್ದೇ ಆಗಿರಲಿ, ಟ್ಯಾಂಕಿನ ದೊಡ್ಡ ಪಂಪ್ ಅದರಲ್ಲಿ ಇರದಿರಲಿ.